ಎಲ್ಲೆಯ ಮೇಲಣ ನೀರು: ಕೃಷ್ಣಾ ಕೊಳ್ಳದಲ್ಲಿ ಹರಿವನ್ನು ಅಳೆದ ಚರಿತ್ರೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರಿಗೂ ಆದವಾನಿ, ರಾಯದುರ್ಗಗಳ ಕನ್ನಡಿಗರಿಗೂ ಇಂದು ರಾಜ್ಯವೊಂದಲ್ಲ, ಆಡಳಿತ ಭಾಷೆಯೊಂದಲ್ಲ. ಆದರೂ ಇವರೆಲ್ಲರ ಹೊಲದ ಮೇಲೆ ಬಿದ್ದು ಹರಿದುಹೋಗುವ ಮಳೆಯ ನೀರು ಭೀಮೆಯ ಮೂಲಕವಾಗಲಿ, ತುಂಗಭದ್ರೆಯ ಮೂಲಕವಾಗಲಿ ಕೊನೆಗೆ ಸೇರುವುದು ಕೃಷ್ಣೆಯನ್ನೇ. ಮಹಾಬಲೇಶ್ವರದ ಬಳಿ ಹುಟ್ಟಿ, ಸುಮಾರು 1,400 ಕಿಲೋಮೀಟರು ಹರಿದು, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುವ ಈ ನದಿಯ ಕೊಳ್ಳದ ವಿಸ್ತಾರವು 2,58,000 ಚದರ ಕಿಲೋಮೀಟರುಗಳಿಗೂ ಮಿಕ್ಕಿದುದು. ಇಂತಹ ನದಿಯ ಸಹಜವಾದ ಹರಿವನ್ನು ಮನುಷ್ಯನ ಕೆಲಸಗಳು ಎಷ್ಟರಮಟ್ಟಿಗೆ ಬದಲಾಯಿಸಿವೆ ಎಂಬ ಪ್ರಶ್ನೆಯು ಕೇವಲ ಇಂಜಿನಿಯರುಗಳ ಪ್ರಶ್ನೆಯಲ್ಲ. ಅದು ಇತಿಹಾಸದ ಪ್ರಶ್ನೆಯೂ ಹೌದು. ಏಕೆಂದರೆ, ಬದಲಾವಣೆಯನ್ನು ಅಳೆಯಬೇಕಾದರೆ ಮೊದಲು ಹೇಗಿತ್ತೆಂಬುದು ತಿಳಿದಿರಬೇಕು. ಮೊದಲು ಹೇಗಿತ್ತೆಂಬುದನ್ನು ಹೇಳುವುದು ಇತಿಹಾಸದ ಕಾರ್ಯವಷ್ಟೆ.

ನದಿಯ ಮುಂದೆ ನಿಂತ ಮನುಷ್ಯನು ಕಾಲಕ್ರಮದಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ್ದಾನೆ. ನನಗೆ ಸಿಗುವ ನೀರೆಷ್ಟು ಎಂಬುದು ಮೊದಲನೆಯದು. ಅದರಲ್ಲಿ ನನ್ನ ಪಾಲೆಷ್ಟು, ನೆರೆಯವನ ಪಾಲೆಷ್ಟು ಎಂಬುದು ಎರಡನೆಯದು. ನಾನು ಕೈಯಿಡುವ ಮೊದಲು ಈ ಹೊಳೆಯು ಹೇಗೆ ಹರಿಯುತ್ತಿತ್ತು, ಅದನ್ನು ನಂಬಿದ ಜೀವಜಾತಗಳಿಗೆ ಏನಾಯಿತು ಎಂಬುದು ಮೂರನೆಯದು. ಮೊದಲೆರಡು ಪ್ರಶ್ನೆಗಳಿಗೆ ಉತ್ತರಗಳು ಹಳೆಯವು. ಮೂರನೆಯದನ್ನು ಅಂಕಿಗಳಲ್ಲಿ ಕೇಳಲು ತೊಡಗಿದ್ದು ತೀರ ಈಚೆಗೆ.

ನಮ್ಮ ಪೂರ್ವಿಕರು ನೀರಿನ ಲೆಕ್ಕವನ್ನು ಅರಿಯದವರಾಗಿರಲಿಲ್ಲ. ಕೆರೆಗಳ ಜೀರ್ಣೋದ್ಧಾರಕ್ಕಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮುಂತಾದ ದತ್ತಿಗಳ ಹೆಸರುಗಳು ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಇವುಗಳಲ್ಲೆಲ್ಲ ವಿಶೇಷವಾದುದು ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ನೆಯ ವರ್ಷದ ಶಾಸನ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯನ್ನು ವರ್ಣಿಸುವ ಈ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಒಸರುವುದು, ಭೂಮಿಯು ಚೌಳಾಗಿರುವುದು, ನೀರು ಕಡಿಮೆಯಾಗಿ ಹೊಲವು ಹೆಚ್ಚಾಗಿರುವುದು, ಇಲ್ಲವೆ ನೀರು ಹೆಚ್ಚಾಗಿ ಹೊಲವು ಕಡಿಮೆಯಾಗಿರುವುದು ಇವೆಲ್ಲ ಆ ಆರರಲ್ಲಿ ಸೇರಿವೆ. ಅವುಗಳ ಜೊತೆಗೆ ಇನ್ನೊಂದು ದೋಷವನ್ನು ಹೇಳಿದೆ: ಕೆರೆಯು ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು. ಆರುನೂರೈವತ್ತು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆದ ಈ ಮಾತಿಗೆ ಗಡಿನಾಡಿನವರಾದ ನಮ್ಮಷ್ಟು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲವರು ವಿರಳ.

ಆದರೆ ಈ ಶಾಸನದ ಹದಿನೆಂಟು ಮಾತುಗಳಲ್ಲಿ ಕೆರೆಯ ಕೆಳಗಣ ಹಳ್ಳದ ಗತಿಯೇನಾಗುವುದೆಂಬ ವಿಚಾರವಿಲ್ಲ. ಅದನ್ನು ಕೊರತೆಯೆಂದು ದೂರಬೇಕಾಗಿಲ್ಲ. ಕೆರೆಯು ತನ್ನ ಜಲಾನಯನದಷ್ಟನ್ನೇ ತಡೆಯಬಲ್ಲುದು. ತುಂಬಿದೊಡನೆ ಕೋಡಿ ಹರಿದು ಮುಂದಣ ಕೆರೆಗೆ ಹೋಗುವುದು. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಅಣೆಗಳಾದರೂ ನೀರನ್ನು ತಿರುಗಿಸುತ್ತಿದ್ದವೇ ಹೊರತು ವರ್ಷಗಟ್ಟಲೆ ಕೂಡಿಡುತ್ತಿರಲಿಲ್ಲ. ನೆರೆಯು ಅವುಗಳ ತಲೆಯ ಮೇಲೆ ಹಾಯ್ದು ತನ್ನ ಕಾಲಕ್ಕೆ ತಾನು ಕೆಳಗೆ ಹೋಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಸ್ಥಿತಿಯು ಬದಲಾಗತೊಡಗಿತು. 1855ರಲ್ಲಿ ಅಂದಿನ ಬೆಜವಾಡದಲ್ಲಿ ಕೃಷ್ಣೆಗೆ ಅಣೆಕಟ್ಟು ಮುಗಿಯಿತು. ತುಂಗಭದ್ರೆಯ ಸುಂಕೇಶುಲದಲ್ಲಿ ಮದರಾಸ್ ನೀರಾವರಿ ಕಂಪನಿಯು ಅಣೆಯನ್ನು ಕಟ್ಟಿ ಕರ್ನೂಲು-ಕಡಪ ಕಾಲುವೆಯನ್ನು ತೋಡಿತು. ಲಾಭ ಕಾಣದ ಆ ಕಾಲುವೆಯನ್ನು ಸರಕಾರವು 1882ರಲ್ಲಿ ಕೊಂಡುಕೊಂಡಿತು. ಭೀಮೆಯ ಸೀಮೆಯಲ್ಲಿ, ಸೊಲ್ಲಾಪುರದ ಸಮೀಪದ ಏಕರೂಖ ಕೆರೆಯು 1871ರಲ್ಲಿ ಸಿದ್ಧವಾಯಿತು. ಹಿಪ್ಪರಗಾ ಕೆರೆಯೆಂದು ಇಂದಿಗೂ ಜನರು ಕರೆಯುವುದು ಇದನ್ನೇ.

ಈ ಕಾಮಗಾರಿಗಳ ಜೊತೆಯಲ್ಲಿಯೇ ಅಳತೆಗೋಲು ಬಂದಿತು. ನದಿಯ ನೀರನ್ನು ಅಳೆಯುವ ಕ್ರಮವು ತತ್ತ್ವತಃ ಸರಳವಾದುದು. ಹೊಳೆಯ ಅಡ್ಡಗಲವನ್ನೂ ಅಲ್ಲಲ್ಲಿನ ಆಳವನ್ನೂ ಅಳೆದು ನೀರು ಹರಿಯುವ ಅಡ್ಡಕೊಯ್ತದ ವಿಸ್ತಾರವನ್ನು ಕಂಡುಹಿಡಿಯುವುದು, ತೇಲುಬೆಂಡಿನಿಂದಲೋ ಸುತ್ತುವ ಚಕ್ರದ ಮಾಪಕದಿಂದಲೋ ನೀರಿನ ವೇಗವನ್ನು ತಿಳಿಯುವುದು, ಇವೆರಡನ್ನು ಗುಣಿಸುವುದು. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್ಕು. ನೂರು ಕೋಟಿ ಘನ ಅಡಿಗಳಿಗೆ ಒಂದು ಟಿ.ಎಂ.ಸಿ. ಎಂದು ಹೆಸರು, 11,574 ಕ್ಯೂಸೆಕ್ಕಿನ ಹೊಳೆಯು ಒಂದು ಹಗಲು ಒಂದು ರಾತ್ರಿ ಹರಿದರೆ ಅಷ್ಟು ನೀರಾಗುತ್ತದೆ. ದಿನವೂ ವೇಗವನ್ನು ಅಳೆಯುವುದು ಕಷ್ಟವಾದುದರಿಂದ, ನೀರಿನ ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧವನ್ನು ಒಮ್ಮೆ ಗೊತ್ತುಮಾಡಿಕೊಂಡು, ಆಮೇಲೆ ಗೋಲಿನ ಮೇಲಣ ಮಟ್ಟವನ್ನಷ್ಟೇ ಓದಿ ಹರಿವನ್ನು ಲೆಕ್ಕಿಸುವುದುಂಟು. ಭೀಮೆಗೆ ತಾಕಳಿಯಲ್ಲಿ, ಸೀನೆಗೆ ವಡಕಬಾಳದಲ್ಲಿ, ತುಂಗಭದ್ರೆಗೆ ಬಾವಾಪುರದಲ್ಲಿ ಕೇಂದ್ರ ಜಲ ಆಯೋಗವು ಏರ್ಪಡಿಸಿದ ಠಾಣೆಗಳ ಕೆಲಸವು ಮೂಲತಃ ಇದೇ.

ಅಳೆದದ್ದು ಬಳಕೆಗಾಗಿ, ಆದರೆ ಬಳಕೆಯ ಬೆನ್ನಿಗೇ ಪಾಲಿನ ಜಗಳವು ಬಂದಿತು. ಇದಕ್ಕೆ ವೇದಾವತಿಗಿಂತ ಉತ್ತಮವಾದ ನಿದರ್ಶನವಿಲ್ಲ. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ಹಾಯ್ದು, ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಹಿರಿಯೂರು, ಚಳ್ಳಕೆರೆಗಳ ಒಣನೆಲವನ್ನು ದಾಟಿ ಈ ಹೊಳೆಯು ರಾಯದುರ್ಗದ ಸೀಮೆಯನ್ನು ಹೊಕ್ಕು, ಹಗರಿಯೆಂಬ ಹೆಸರಿನಿಂದ ಬಳ್ಳಾರಿಯ ನಾಡಿನಲ್ಲಿ ಹರಿದು, ಸಿರುಗುಪ್ಪದ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅಂದು ಮೇಲುಭಾಗವು ಮೈಸೂರು ಸಂಸ್ಥಾನದ್ದು, ಕೆಳಭಾಗವು ಮದರಾಸು ಆಧಿಪತ್ಯದ್ದು. ಎಲ್ಲೆಯ ಮೇಲಣ ನೀರು ದೋಷವೆಂದ ಶಾಸನಕಾರನ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

1892ರ ಫೆಬ್ರವರಿ 18ರಂದು ಮೈಸೂರು ಮತ್ತು ಮದರಾಸು ಸರಕಾರಗಳ ನಡುವೆ ಒಪ್ಪಂದವಾಯಿತು. ಅದರ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆ, ಪಿನಾಕಿನಿಗಳ ಜೊತೆಗೆ ಹಗರಿ ಅಥವಾ ವೇದಾವತಿಯ ಹೆಸರೂ ಇತ್ತು. ಈ ನದಿಗಳ ಮೇಲೆ ಮೈಸೂರು ಹೊಸ ಜಲಾಶಯವನ್ನು ಕಟ್ಟಬೇಕಾದರೆ ಮದರಾಸಿನ ಪೂರ್ವಸಮ್ಮತಿ ಬೇಕು. ಮದರಾಸಾದರೂ ಈಗಾಗಲೇ ಸಿದ್ಧಿಸಿ ಆಚರಣೆಯಲ್ಲಿರುವ ಹಕ್ಕಿನ ರಕ್ಷಣೆಗಾಗಿಯಲ್ಲದೆ ಸಮ್ಮತಿಯನ್ನು ನಿರಾಕರಿಸತಕ್ಕದ್ದಲ್ಲ ಎಂದು ನಿಯಮವಾಯಿತು. ಇಲ್ಲಿ ಗಮನಿಸಬೇಕಾದುದು ಹಕ್ಕು ಎಂಬ ಶಬ್ದವನ್ನು. ಕೆಳಗಣ ರೈತನ ಹಕ್ಕು ಲೆಕ್ಕಕ್ಕೆ ಬಂದಿತು. ಕೆಳಗಣ ಹೊಳೆಯ ಸ್ಥಿತಿಯು ಬರಲಿಲ್ಲ. ಕಾಲುವೆಯಿಂದ ಗದ್ದೆಗೆ ಹೋಗುವ ನೀರಿಗೆ ದಾಖಲೆಯುಂಟು. ಮರಳಿನಲ್ಲಿ ಇಂಗಿ ದಂಡೆಯ ಬಾವಿಗಳನ್ನು ತುಂಬುವ ನೀರಿಗೆ, ಬೇಸಗೆಯ ಮಡುಗಳಲ್ಲಿ ಮೀನನ್ನು ಉಳಿಸುವ ನೀರಿಗೆ ದಾಖಲೆಯಿಲ್ಲ.

ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟುವ ಅಣೆಯ ಕೆಲಸವು 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತ ಆ ಜಲಾಶಯದ ಸಾಮರ್ಥ್ಯವು ಸುಮಾರು 30 ಟಿ.ಎಂ.ಸಿ. ಹಿರಿಯೂರಿನ ಸೀಮೆಗೆ ಅದು ಅನ್ನವನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಜಲಾಶಯವು 1933ರಲ್ಲಿ ಒಮ್ಮೆ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಕಾಲ ಮಲೆನಾಡಿನ ಅಂಚಿನಿಂದ ಬಂದ ಒಂದು ದೊಡ್ಡ ನೆರೆಯೂ ಆ ಕಣಿವೆಯ ಕೋಡಿಯನ್ನು ದಾಟಿ ಕೆಳಗಣ ಹಗರಿಗೆ ಇಳಿಯಲಿಲ್ಲವೆಂದಾಯಿತು. ಕೆಳಗೆ, ರಾಯದುರ್ಗದ ಸೀಮೆಯ ಭೈರವಾನಿ ತಿಪ್ಪೆಯಲ್ಲಿ 1961ರ ಸುಮಾರಿಗೆ ಕಟ್ಟಿದ ಎರಡನೆಯ ಅಣೆಗೆ ಉಳಿದದ್ದು ನಡುವಣ ಬಯಲುಸೀಮೆಯ ಅನಿಶ್ಚಿತವಾದ ಮಳೆ ಮಾತ್ರ. ಮೂರು ತಲೆಮಾರಿನ ಜನರು ಹಗರಿಯನ್ನು ಮರಳಿನ ಹೊಳೆಯೆಂದೇ ಕಂಡು ಬೆಳೆದರು. ಹೊಳೆಯು ಹುಟ್ಟಿನಿಂದಲೇ ಹಾಗಿತ್ತೆಂದು ಅವರು ತಿಳಿದರೆ ತಪ್ಪು ಅವರದಲ್ಲ. 2022ರ ಕೋಡಿಯಾದರೂ ಅಸಾಧಾರಣ ಮಳೆಯೊಡನೆ ಭದ್ರೆಯಿಂದ ಎತ್ತಿ ತಂದ ನೀರೂ ಸೇರಿದುದರ ಫಲ. ಹೀಗೆ ಒಂದು ಹೊಳೆಯಿಂದ ಕಳೆದುದನ್ನು ಇನ್ನೊಂದು ಹೊಳೆಯಿಂದ ತುಂಬುವ ಲೆಕ್ಕವು ಎಲ್ಲಿ ನಿಲ್ಲುವುದೋ ವಾಚಕರೇ ಯೋಚಿಸಬಹುದು.

ಭೀಮೆಯ ಕಡೆಗೆ ಬೇರೊಂದು ಬಗೆಯ ಬದಲಾವಣೆಯಾಯಿತು. ಸಹ್ಯಾದ್ರಿಯ ನೆತ್ತಿಯಲ್ಲಿ ಟಾಟಾ ಸಂಸ್ಥೆಯವರು ಕಟ್ಟಿದ ಸರೋವರಗಳಿಂದ 1915ರಲ್ಲಿ ಖೋಪೋಲಿಯ ವಿದ್ಯುದಾಗಾರವು ನಡೆಯತೊಡಗಿತು. 1927ರಲ್ಲಿ ಮುಳಶಿಯ ನೀರಿನಿಂದ ಭಿರಾದ ವಿದ್ಯುದಾಗಾರವು ನಡೆಯಿತು. ಮುಳುಗಡೆಯಾಗುವ ಹಳ್ಳಿಗಳ ರೈತರು ಸೇನಾಪತಿ ಬಾಪಟರ ನಾಯಕತ್ವದಲ್ಲಿ 1921ರಿಂದ ಹೂಡಿದ ಮುಳಶಿ ಸತ್ಯಾಗ್ರಹವು ಪ್ರಸಿದ್ಧವಾದುದು. ಮುಂದೆ 1960ರ ದಶಕದಲ್ಲಿ ಕೊಯ್ನೆಯ ನೀರೂ ಹೀಗೆಯೇ ಪಶ್ಚಿಮಕ್ಕೆ ತಿರುಗಿತು. ನೀರಾವರಿಯ ನೀರಿನಲ್ಲಿ ಒಂದಂಶವಾದರೂ ಬಸಿದು ಹಳ್ಳಕ್ಕೆ ಮರಳುವುದುಂಟು. ಘಟ್ಟವನ್ನಿಳಿದು ಅರಬ್ಬೀ ಸಮುದ್ರದ ಕಡೆಗೆ ಹೋದ ನೀರು ಕೃಷ್ಣೆಗೆ ಎಂದೂ ಮರಳುವುದಿಲ್ಲ. ಎರಡನ್ನೂ ಒಂದೇ ಅಂಕಿಯಲ್ಲಿ ಬರೆದರೂ ಹೊಳೆಗೆ ಅವು ಒಂದೇ ಅಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿ, ಬಳ್ಳಾರಿ ಜಿಲ್ಲೆಯು ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದುವು. ಹೀಗೆ ನದಿಯನ್ನು ತಡೆದ ವರ್ಷವೇ ನಾಡನ್ನೂ ಗೆರೆಯೆಳೆದು ಹಂಚಿದ ವರ್ಷವಾಯಿತು. ಅಂದಿನಿಂದ ನೀರಿನ ಪ್ರತಿಯೊಂದು ಅಂಕಿಯೂ ಎರಡು ಸರಕಾರಗಳ ನಡುವಣ ವ್ಯಾಜ್ಯದ ಸಾಕ್ಷಿಯಾಗಿ ಪರಿಣಮಿಸಿತು.

ಆ ವ್ಯಾಜ್ಯದ ತೀರ್ಮಾನಕ್ಕಾಗಿ 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಲಿಯ ಮುಂದೆ, ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಕಠಿಣವಾದ ಸಮಸ್ಯೆ ಬಂದಿತು. ಕೃಷ್ಣೆಯಲ್ಲಿ ಸಹಜವಾಗಿ ಎಷ್ಟು ನೀರಿದೆ? ವಿಜಯವಾಡದ ಅಣೆಕಟ್ಟಿನಲ್ಲಿ 1894-95ರಿಂದ 1971-72ರ ವರೆಗೆ 78 ವರ್ಷಗಳ ಅಳತೆ ಇತ್ತು. ಆದರೆ ಅಲ್ಲಿ ಅಳೆದ ನೀರು ಮೇಲಿನವರು ಬಳಸಿ ಬಿಟ್ಟು ಉಳಿದ ನೀರು. ಆದುದರಿಂದ ಅಳೆದ ಹರಿವಿಗೆ ಮೇಲಣ ಕಾಲುವೆ, ಕೆರೆಗಳು ಬಳಸಿದುದನ್ನೂ ಜಲಾಶಯಗಳಿಂದ ಆವಿಯಾಗಿ ಹೋದುದನ್ನೂ ಕೂಡಿಸಿ, ಮನುಷ್ಯನ ಕೈ ಸೋಂಕದಿದ್ದರೆ ಹರಿಯುತ್ತಿದ್ದ ನೀರನ್ನು ಕಲ್ಪಿಸಬೇಕಾಯಿತು. ಪ್ರತಿ ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ತಪ್ಪದೆ ದೊರೆಯುವ ನೀರು 2,060 ಟಿ.ಎಂ.ಸಿ. ಎಂದು ನಿರ್ಣಯವಾಯಿತು. 1973ರ ತೀರ್ಪಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರ ಪ್ರದೇಶಕ್ಕೆ 800 ಟಿ.ಎಂ.ಸಿ. ಹಂಚಿಕೆಯಾಯಿತು.

ಈ ಮೂರನ್ನೂ ಕೂಡಿಸಿದರೆ ಸರಿಯಾಗಿ 2,060 ಆಗುತ್ತದೆ. ಒಂದು ಟಿ.ಎಂ.ಸಿ.ಯೂ ಮಿಗುವುದಿಲ್ಲ. ನೂರು ವರ್ಷಗಳ ಮಾಪನಶಾಸ್ತ್ರವು ಅತ್ಯಂತ ಶ್ರದ್ಧೆಯಿಂದ ನದಿಯ ಸಹಜ ಹರಿವನ್ನು ಕಂಡುಹಿಡಿದು, ಅದೇ ಪುಟದಲ್ಲಿ ಅದನ್ನು ಪೂರ್ತಿಯಾಗಿ ಹಂಚಿಬಿಟ್ಟಿತು. ನ್ಯಾಯಮಂಡಲಿಯು ತನಗೆ ವಹಿಸಿದ ಕೆಲಸವನ್ನೇ ಮಾಡಿತು. ಅದರ ಮುಂದೆ ವಾದಿ ಪ್ರತಿವಾದಿಗಳಾಗಿ ರಾಜ್ಯಗಳು ಬಂದಿದ್ದುವು, ನದಿಯು ಬಂದಿರಲಿಲ್ಲ.

ಮೂರನೆಯ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಿದವರಲ್ಲಿ ಅಮೆರಿಕೆಯ ಬ್ರಯಾನ್ ರಿಕ್ಟರ್ ಮತ್ತು ಅವರ ಸಹಕಾರಿಗಳು ಪ್ರಮುಖರು. 1996ರಲ್ಲಿ ಅವರು ಪ್ರಕಟಿಸಿದ ವಿಧಾನವು, ವರ್ಷದ ಒಟ್ಟು ನೀರನ್ನಲ್ಲ, ದಿನದಿನದ ಹರಿವಿನ ದಾಖಲೆಯನ್ನು ಹಿಡಿದು ಮೂವತ್ತೆರಡು ಲಕ್ಷಣಗಳನ್ನು ಲೆಕ್ಕಹಾಕುತ್ತದೆ. ಇವು ಐದು ಗುಂಪುಗಳಾಗಿ ನಿಲ್ಲುತ್ತವೆ: ತಿಂಗಳು ತಿಂಗಳಿನ ಹರಿವಿನ ಪ್ರಮಾಣ, ವರ್ಷದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಹರಿವು ಹಾಗೂ ಅವು ಎಷ್ಟು ದಿನ ನಿಲ್ಲುತ್ತವೆಂಬುದು, ಅವು ಬರುವ ಕಾಲ, ಸಣ್ಣ ದೊಡ್ಡ ಉಬ್ಬರ ಇಳಿತಗಳು ವರ್ಷಕ್ಕೆಷ್ಟು ಸಾರಿ ಬರುತ್ತವೆಂಬುದು, ನೀರು ಏರುವ ಇಳಿಯುವ ವೇಗ ಮತ್ತು ಅದು ತಿರುಗುಮುರುಗಾಗುವ ಸಂಖ್ಯೆ. ಅಣೆಕಟ್ಟಿಗೆ ಮೊದಲಿನ ವರ್ಷಗಳಿಗೆ ಒಮ್ಮೆ, ಅನಂತರದ ವರ್ಷಗಳಿಗೆ ಒಮ್ಮೆ ಇವನ್ನು ಎಣಿಸಿ ಹೋಲಿಸಿದರೆ ನದಿಯು ಎಲ್ಲಿ, ಎಷ್ಟು ಬದಲಾಯಿತೆಂಬುದು ತಿಳಿಯುವುದು. ಅವರು ಉದಾಹರಣೆಯಾಗಿ ಹಿಡಿದ ರೋನೋಕ್ ನದಿಯಲ್ಲಿ ಅಣೆಗಳು ಬಂದಮೇಲೆ ದೊಡ್ಡ ನೆರೆಗಳು ತಗ್ಗಿದ್ದುವು. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ನೀರು ಬಿಡುವುದರಿಂದ ಏರಿಳಿತಗಳು ಮಾತ್ರ ಬಹಳ ಹೆಚ್ಚಾಗಿದ್ದುವು.

ಈ ವಿಧಾನದ ತಿರುಳು ನಮ್ಮ ರೈತನಿಗೆ ಹೊಸತಲ್ಲ. ಮೃಗಶಿರೆಯಲ್ಲಿ ಬರಬೇಕಾದ ಮಳೆಯು ಸ್ವಾತಿಯಲ್ಲಿ ಬಂದರೆ ವರ್ಷದ ಮೊತ್ತವು ಸರಿಹೋದೀತು, ಬೆಳೆಯು ಸರಿಹೋಗದು. ಹೊಳೆಯ ಜೀವಿಗಳಿಗೂ ಅದೇ ನಿಯಮ. ಮೊದಲ ಕೆಂಪು ನೀರನ್ನು ಕಂಡು ಮೇಲಕ್ಕೆ ಹತ್ತಿ ಮೊಟ್ಟೆಯಿಡುವ ಮೀನಿಗೆ ಆ ನೀರು ಆ ಕಾಲದಲ್ಲಿಯೇ ಬೇಕು. ಅಣೆಗಳು ಮೀನಿನ ಸಂಚಾರಕ್ಕೆ ಅಡ್ಡಿಯಾಗುತ್ತವೆಂದು ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು 1873ರ ತನ್ನ ವರದಿಯಲ್ಲಿಯೇ ಎಚ್ಚರಿಸಿದ್ದನು. ಆ ಮಾತಿಗೆ ನೀರಾವರಿ ಲೆಕ್ಕದ ಅಂಕಣಗಳಲ್ಲಿ ಎಡೆ ದೊರೆಯಲಿಲ್ಲ.

ಭೀಮೆಯ ಮೇಲೆ 1980ರಲ್ಲಿ ಪೂರ್ತಿಯಾದ ಉಜನಿ ಜಲಾಶಯದ ಸಾಮರ್ಥ್ಯವು 117 ಟಿ.ಎಂ.ಸಿ. ಮುಂಗಾರಿನ ಮೊದಲ ನೆರೆಗಳು ಅದರಲ್ಲಿ ಅಡಗುತ್ತವೆ. ಬದಲಾಗಿ, ಸೊಲ್ಲಾಪುರ ನಗರದ ಕುಡಿಯುವ ನೀರಿಗಾಗಿ ಬಹುವರ್ಷಗಳ ಕಾಲ ಬೇಸಗೆಯಲ್ಲಿಯೂ ನದಿಯ ಪಾತ್ರದಲ್ಲಿಯೇ ಔಜ್ ಬಂಧಾರೆಯ ವರೆಗೆ ನೀರು ಬಿಡುತ್ತ ಬಂದರು. ಒಣಗಿರಬೇಕಾದ ತಿಂಗಳಿನಲ್ಲಿ ಹೊಳೆ ಬರುವುದು, ಕೆಲವು ದಿನಗಳಲ್ಲಿ ನಿಲ್ಲುವುದು. ತುಂಬಿ ಹರಿಯಬೇಕಾದ ತಿಂಗಳಿನಲ್ಲಿ ಕಾಯುವುದು. ದಂಡೆಯವರಿಗೆ ಆ ಬೇಸಗೆಯ ನೀರು ವರವೇ ಸರಿ. ಆದರೆ ರಿಕ್ಟರರ ಐದು ಗುಂಪುಗಳಲ್ಲಿ ಮೂರನೆಯದೂ ನಾಲ್ಕನೆಯದೂ ಇದರಿಂದ ಕದಡಿದುವೆಂಬುದನ್ನು ವರ್ಷಾಂತ್ಯದ ಒಟ್ಟು ಲೆಕ್ಕವು ತೋರಿಸಲಾರದು.

ನೀರಿನೊಡನೆ ಹರಿಯುವ ಮಣ್ಣಿನ ಲೆಕ್ಕವೂ ಉಂಟು. ತುಂಗಭದ್ರಾ ಜಲಾಶಯವು ಆರಂಭದಲ್ಲಿ ಸುಮಾರು 132 ಟಿ.ಎಂ.ಸಿ. ಹಿಡಿಯುತ್ತಿತ್ತು, 2016ರ ಅಳತೆಯಂತೆ ಅದು ಸುಮಾರು 105.8ಕ್ಕೆ ಇಳಿದಿದೆ. ಐದರಲ್ಲೊಂದು ಪಾಲು ಹೂಳು ತುಂಬಿತು. ಆ ಹೂಳು ಹಿಂದೆ ಕೆಳಗಣ ದಂಡೆಗಳಿಗೂ ಕೃಷ್ಣೆಯ ಮುಖಜಭೂಮಿಗೂ ಹೋಗುತ್ತಿದ್ದ ಮಣ್ಣು. ಮೇಲೆ ಅದು ಜಲಾಶಯಕ್ಕೆ ಹೊರೆ, ಕೆಳಗೆ ಕಡಲ ದಂಡೆಗೆ ಕೊರತೆ.

ಇನ್ನು ಒಂದು ಮಾತನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಹೊಳೆ ಬತ್ತಿದುದಕ್ಕೆಲ್ಲ ಅಣೆಕಟ್ಟೇ ಕಾರಣವೆನ್ನುವುದು ಶಾಸ್ತ್ರೀಯವಲ್ಲ. ಮಳೆಯ ಏರುಪೇರು ಒಂದು. ಅಂತರ್ಜಲವನ್ನು ಬರಿದುಮಾಡುವ ಕೊಳವೆ ಬಾವಿಗಳು ಮತ್ತೊಂದು. ಹಳ್ಳಹಳ್ಳಕ್ಕೆ ಕಟ್ಟಿದ ತಡೆಗಳು ಇನ್ನೊಂದು. ಮಳೆಯ ದಾಖಲೆಯನ್ನು ಹರಿವಿನ ದಾಖಲೆಯ ಪಕ್ಕದಲ್ಲಿಟ್ಟು, ಮಳೆಯು ಅಷ್ಟೇ ಇದ್ದ ವರ್ಷಗಳಲ್ಲಿ ಹೊಳೆಯು ಎಷ್ಟು ಕುಗ್ಗಿತೆಂದು ನೋಡಿದಾಗ ಮಾತ್ರ ಮನುಷ್ಯನ ಪಾಲು ಬೇರೆಯಾಗಿ ಕಾಣುವುದು. ಅಣೆಕಟ್ಟುಗಳಿಲ್ಲದೆ ಬರಗಾಲದ ನಾಡಿಗೆ ಅನ್ನವಿರುತ್ತಿರಲಿಲ್ಲವೆಂಬುದನ್ನೂ ಮರೆಯಲಾಗದು.

ಎರಡನೆಯ ಕೃಷ್ಣಾ ನ್ಯಾಯಮಂಡಲಿಯು 2010ರ ತನ್ನ ತೀರ್ಮಾನದಲ್ಲಿ ನದಿಯಲ್ಲಿ ಉಳಿಯಬೇಕಾದ ಕನಿಷ್ಠ ಹರಿವಿಗೆಂದು 16 ಟಿ.ಎಂ.ಸಿ.ಯನ್ನು ತೆಗೆದಿಟ್ಟಿತು. ಬಚಾವತ್ ಲೆಕ್ಕದ 2,060ರೊಡನೆ ಹೋಲಿಸಿದರೆ ಇದು ನೂರಕ್ಕೆ ಒಂದು ಪಾಲೂ ಅಲ್ಲ. ಆದರೂ ಹಂಚಿಕೆಯ ಪಟ್ಟಿಯಲ್ಲಿ ನದಿಗೆ ಒಂದು ಸಾಲು ದೊರೆತದ್ದು ಚರಿತ್ರೆಯಲ್ಲಿ ಗಣ್ಯವಾದ ಸಂಗತಿ. ಹಕ್ಕಿನ ಲೆಕ್ಕದಿಂದ ಹೊಳೆಯ ಲೆಕ್ಕಕ್ಕೆ ಬರಲು 1892ರಿಂದ 2010ರ ವರೆಗೆ ಕಾಲ ಹಿಡಿಯಿತು.

ನಮ್ಮ ಸೀಮೆಯ ಮಟ್ಟಿಗೆ ಆಗಬೇಕಾದ ಕೆಲಸವೊಂದುಂಟು. ಠಾಣೆಗಳ ಅಳತೆಯು ಎಲ್ಲೆಡೆಯೂ ಅಣೆಕಟ್ಟಿನ ಹಿಂದಣ ಕಾಲಕ್ಕೆ ಮುಟ್ಟುವುದಿಲ್ಲ. ಅಲ್ಲಿ ಕೆರೆಗಳ ಶಾಸನಗಳು, ಹಳೆಯ ಜಮಾಬಂದಿ ಕಡತಗಳು, ಕಲ್ಲಿನ ಸೋಪಾನಗಳ ಮೇಲಣ ನೆರೆಯ ಗುರುತುಗಳು, ಯಾವ ಮಳೆಗೆ ಹೊಳೆ ಬರುತ್ತಿತ್ತೆಂಬ ಹಿರಿಯರ ನೆನಪು ಇವೇ ಸಾಕ್ಷಿಗಳು. ಹಗರಿಯ ದಂಡೆಯಲ್ಲಿಯೂ ಬೋರಿಯ ದಂಡೆಯಲ್ಲಿಯೂ ಇವು ಇನ್ನೂ ಕನ್ನಡದಲ್ಲಿ ಉಳಿದಿವೆ. ಬರೆದಿಡುವವರಿಲ್ಲದೆ ಅವು ಅಳಿದರೆ, ಮುಂದಿನ ನ್ಯಾಯಮಂಡಲಿಯ ಮುಂದೆ ನಮ್ಮ ಹೊಳೆಗಳ ಪರವಾಗಿ ಹೇಳುವ ಪ್ರಾಚೀನ ಸಾಕ್ಷಿಯೊಂದೂ ಇರದು. ಎಲ್ಲೆಯ ಮೇಲಣ ನೀರು ದೋಷವೆಂದು ಶಾಸನವು ಹೇಳಿತು. ಎಲ್ಲೆಯ ಮೇಲಿರುವ ಜನರು ಎರಡೂ ಕಡೆಯ ಭಾಷೆಯನ್ನು ಬಲ್ಲವರಾದುದರಿಂದ ಆ ದೋಷವನ್ನು ಕಳೆಯುವ ಕಾರ್ಯದಲ್ಲಿ ಮೊದಲಿಗರಾಗಲು ಅವರಿಗೆ ಅವಕಾಶವುಂಟು.